ಅಜ್ಜಿಯ ಮೂರು ಹೆಜ್ಜೆ ಮುಂದೆ

ಅಕ್ಕ ಎರಡೂ ಕೈ ಚಾಚಿ ನಿಂತರೆ ನಮ್ಮ ಓಣಿ ಮುಚ್ಚಿಹೋಗುತ್ತಿತ್ತು. ಓಣಿ ಎಂದರೆ ಬೀದಿಯಲ್ಲ, ವಠಾರದ ಅಂಗಳದಿಂದ ನಮ್ಮ ಅಡುಗೆಮನೆಗೆ ಹೋಗುವ ಇಕ್ಕಟ್ಟು ದಾರಿ. ಟಿ. ನಗರದ ಸೀರೆ ಅಂಗಡಿಗಳ ಬೆನ್ನ ಹಿಂದೆ ಆ ವಠಾರವಿತ್ತು. ಐದು ಸಂಸಾರ, ಒಂದು ಅಂಗಳ, ಅಂಗಳದ ಕೊನೆಗೆ ಬಾವಿ, ಬಾವಿಯ ಮಗ್ಗುಲಿಗೆ ಬಟ್ಟೆ ಒಗೆಯುವ ಕಲ್ಲು. ನಾಲ್ಕು ಸಂಸಾರ ತಮಿಳಿನವರದು, ಐದನೆಯದು ನಮ್ಮದು. ಅಪ್ಪಯ್ಯ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು. ಕುಂದಾಪುರದ ಕಡೆಯಿಂದ ಅವರು ತಂದದ್ದು ಎರಡೇ, ಸಾಂಬಾರಿನ ಹದ ಮತ್ತು ತಮ್ಮ ತಾಯಿ. ಹೀಗೆಂದು ಅಮ್ಮ ಅಜ್ಜಿಗೆ ಕೇಳಿಸದ ಹಾಗೆ ಹೇಳಿ ನಗುತ್ತಿದ್ದಳು. ಈಗ ನಾನು ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂತು, ಆತ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಬೆರಳು ಮಡಚಿ ಎಣಿಸುವಾಗ, ಮೊದಲ ಬೆರಳು ಆ ಓಣಿಗೇ ಹೋಗುತ್ತದೆ. ಅಷ್ಟು ಇಕ್ಕಟ್ಟಾಗಿದ್ದದ್ದೇ ಒಂದು ಉಪಕಾರ. ಇನ್ನೊಂದು ಗೇಣು ಅಗಲವಿದ್ದಿದ್ದರೆ ಅಕ್ಕನ ಕೈಗೆ ಆ ಅಭ್ಯಾಸ ಬರುತ್ತಿರಲಿಲ್ಲ.

ಅಜ್ಜಿಯದು ಕಠಿಣ ಮಡಿ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿ, ಒದ್ದೆ ಕೆಂಪು ಸೀರೆಯಲ್ಲೇ ಹಿತ್ತಾಳೆ ಕೊಡಪಾನ ಸೊಂಟಕ್ಕಿಟ್ಟುಕೊಂಡು, ಅಂಗಳ ದಾಟಿ ಓಣಿಯಲ್ಲಿ ಬಂದು ಅಡುಗೆಮನೆ ಸೇರಬೇಕು. ಅಷ್ಟರಲ್ಲಿ ಯಾರಾದರೂ ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ನೀರು ಸೇದುವುದು, ದೇವರ ನೈವೇದ್ಯಕ್ಕೆ ತಡ, ನಮ್ಮೆಲ್ಲರ ಊಟಕ್ಕೂ ತಡ. ವಠಾರದಲ್ಲಿ ಎಣಿಸಿದರೆ ಹನ್ನೊಂದು ಮಕ್ಕಳು. ಮಕ್ಕಳಿಗೆ ಬೇಡ ಅಂದದ್ದೇ ಆಟ. ತಮಿಳಿನಲ್ಲಿ ಪಾಟಿ ಎಂದರೆ ಅಜ್ಜಿ. ‘ಕನ್ನಡ ಪಾಟಿಯನ್ನು ಮುಟ್ಟಿ ಬಂದವರು ಗೆದ್ದರು’ ಎಂದು ಪಂಥ ಕಟ್ಟಿಕೊಂಡು ಕಂಬದ ಹಿಂದೆ, ಸೈಕಲ್ಲಿನ ಹಿಂದೆ, ಒಣಹಾಕಿದ ಬಟ್ಟೆಯ ಹಿಂದೆ ಹೊಂಚು ಹಾಕುತ್ತಿದ್ದರು. ಅವರನ್ನು ತಡೆಯುವ ಕೆಲಸ ಯಶೋದಕ್ಕನದು. ಅವಳು ನನಗಿಂತ ಏಳು ವರ್ಷ ದೊಡ್ಡವಳು, ಅಗಲ ಬೆನ್ನು, ಗಟ್ಟಿ ತೊಡೆ, ಬಾಗಿಲಿಗೆ ಇನ್ನೊಂದು ಬಾಗಿಲು ಇಟ್ಟ ಹಾಗಿನ ಮೈ. ಗ್ರೈಂಡರಿನ ಹಿಟ್ಟು ಅಜ್ಜಿಗೆ ಆಗದ ಕಾರಣ ದಿನವೂ ಒರಳಿನಲ್ಲಿ ರುಬ್ಬಿ ರುಬ್ಬಿ ಅವಳ ಮುಂಗೈ ಅಪ್ಪಯ್ಯನ ಮುಂಗೈಯಷ್ಟಿತ್ತು. ಅಜ್ಜಿ ಹೊರಟರೆ ಅಕ್ಕ ಸರಿಯಾಗಿ ಮೂರು ಹೆಜ್ಜೆ ಮುಂದೆ, ಮಂಡಿ ಸ್ವಲ್ಪ ಬಗ್ಗಿಸಿ, ಕೈ ಚಾಚಿ ನಡೆಯುವಳು. ಮೂರಕ್ಕಿಂತ ಹತ್ತಿರ ಬಂದರೆ ಅಕ್ಕನೇ ಮೈಲಿಗೆ. ದೂರ ಹೋದರೆ ನಡುವೆ ಯಾರಾದರೂ ನುಸುಳುವರು.

ಪಕ್ಕದ ಮನೆಯ ಸೆಲ್ವಿ ಅಕ್ಕನದೇ ವಯಸ್ಸಿನವಳು, ಅಳಿಲಿನಂಥ ಹುಡುಗಿ. ಹದಿನೇಳಾದರೂ ಪುಟ್ಟ ಮಕ್ಕಳ ಜೊತೆ ಸೇರಿ ಪಂಥಕ್ಕೆ ನಿಲ್ಲುತ್ತಿದ್ದಳು. ಒಂದು ದಿನ ಅವಳು ಕಂಬದ ಹಿಂದಿನಿಂದ ಹಾರಿ ಬಂದಳು. ಅಕ್ಕ ತಿರುಗಿ ನೋಡಲೂ ಇಲ್ಲ, ಹಾಗೇ ಕುಕ್ಕರಿಸಿ ಅವಳ ಕಾಲು ಹಿಡಿದಳು. ಸೆಲ್ವಿ ನೆಲಕ್ಕೆ. ಅಜ್ಜಿ ಕೊಡಪಾನ ತುಳುಕಿಸದೆ ದಾಟಿಹೋದಳು.

“ವಿಡು ಯಶೋದಾ, ಕಾಲು ವಲಿಕ್ಕುದು!” ಕಾಲು ನೋಯ್ತದೆ ಬಿಡು ಎಂದು ಸೆಲ್ವಿಯ ಗೋಳು.

“ಅಜ್ಜಿ ಹೊಸಿಲು ದಾಟಲಿ, ಬಿಡ್ತೆ.”

ನಾನೂ ಒಮ್ಮೆ ಆ ಪಂಥಕ್ಕೆ ಇಳಿದವಳು. ನಾನು ತೆಳ್ಳಗೆ, ಚುರುಕು, ಎಲ್ಲಿಂದ ಬೇಕಾದರೂ ನುಸುಳಿ ಓಡುವ ಜಾತಿ. ಸ್ವಂತ ತಂಗಿಯೆಂದು ಅಕ್ಕ ಬಿಡುತ್ತಾಳೆ ಅಂದುಕೊಂಡಿದ್ದೆ. ಲಂಗದ ಸಮೇತ ಎತ್ತಿ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಈ ಕಾವಲಿನ ಕೆಲಸದಿಂದ ಅಕ್ಕನಿಗೆ ಸಿಕ್ಕಿದ್ದೇನು? ಎಲ್ಲರನ್ನೂ ಮುಟ್ಟಿದವಳಾದ್ದರಿಂದ ಅಜ್ಜಿಯ ಊಟ ಆಗುವವರೆಗೆ ಅಡುಗೆಮನೆಗೆ ಅವಳಿಗೆ ಪ್ರವೇಶವಿಲ್ಲ. ತಿಂಡಿಯ ತಟ್ಟೆಯನ್ನು ಅಮ್ಮ ಓಣಿಯ ಬಾಯಿಗೆ ತಂದಿಡುತ್ತಿದ್ದಳು. ಅಜ್ಜಿಯನ್ನು ಎಲ್ಲರಿಗಿಂತ ಹೆಚ್ಚು ಕಾದವಳನ್ನೇ ಅಜ್ಜಿ ಎಲ್ಲರಿಗಿಂತ ದೂರ ಇಟ್ಟಿದ್ದಳು. ತಮ್ಮ ಮಕ್ಕಳು ಮುಟ್ಟಿದರೆ ಮುದುಕಿ ಮತ್ತೆ ಮೀಯುತ್ತಾಳೆ ಎನ್ನುವುದನ್ನು ದಿನಾ ನೋಡುತ್ತಿದ್ದ ಸೆಲ್ವಿಯ ತಾಯಿಗೆ ಹೇಗೆ ಅನ್ನಿಸಿರಬೇಕು ಎಂಬುದೂ ನನಗೆ ಆಗ ಹೊಳೆಯಲಿಲ್ಲ. ಆಕೆ ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದದ್ದು ಮಾತ್ರ ನೆನಪಿದೆ. ಈಗ ದೇವರ ಮುಂದೆ ಕೂತಾಗ ಅದಕ್ಕೂ ಒಂದು ತಪ್ಪೊಪ್ಪಿಗೆ ಹೇಳುತ್ತೇನೆ.

ಸೆಲ್ವಿ ಓದಿದ ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಪುಷ್ಪಾ ಟೀಚರ್ ಒಂದು ಬೆಳಿಗ್ಗೆ ಅವಳನ್ನು ಹುಡುಕಿಕೊಂಡು ವಠಾರಕ್ಕೆ ಬಂದರು. ಬಂದವರು ಬಾಗಿಲಲ್ಲೇ ನಿಂತು ಅಜ್ಜಿಯ ಮೆರವಣಿಗೆಯನ್ನು ಪೂರ್ತಿ ನೋಡಿದರು. ಮೂವರು ಮಕ್ಕಳು ಮೂರು ದಿಕ್ಕಿನಿಂದ ಬಂದದ್ದು, ಮೂವರೂ ಅಕ್ಕನ ಕಂಕುಳಲ್ಲಿ ಸಿಕ್ಕಿಬಿದ್ದದ್ದು ಎಲ್ಲವೂ ಅವರ ಕಣ್ಣೆದುರೇ ಆಯಿತು. ಟೀಚರ್ ಊರಿನ ನಾಲ್ಕೈದು ಶಾಲೆಗಳ ಹುಡುಗಿಯರನ್ನು ಸೇರಿಸಿ ನುಂಗಂಬಾಕ್ಕಂನ ಒಂದು ಮೈದಾನದಲ್ಲಿ ಕಬಡ್ಡಿ ತಂಡ ಕಟ್ಟಿದ್ದರು. ಅಲ್ಲಿಯವರು ಸಡುಗುಡು ಅನ್ನುವ ಆಟ ಅದೇ. ಸೆಲ್ವಿಯನ್ನು ಕೇಳಲು ಬಂದವರು ಅಕ್ಕನನ್ನೂ ಕೇಳಿದರು, ತಮಿಳಿನಲ್ಲಿ.

“ಅಮ್ಮಾ, ಈ ಹುಡುಗಿಯನ್ನ ನನಗೆ ಕೊಡಿ. ಒಂದು ಬ್ಯಾಂಕಿನವರು ಹೆಂಗಸರ ತಂಡಕ್ಕೆ ಹುಡುಗಿಯರನ್ನ ಹುಡುಕ್ತಾ ಇದ್ದಾರೆ. ಚೆನ್ನಾಗಿ ಆಡಿದ್ರೆ ಕೆಲಸವೇ ಸಿಗುತ್ತೆ. ಹತ್ತು ವರ್ಷ ಹೇಳಿಕೊಟ್ರೂ ಬಾರದ್ದು ಇವಳ ಕಾಲಲ್ಲಿ ಆಗಲೇ ಇದೆ.”

ಅಮ್ಮ ಅಪ್ಪಯ್ಯನ ಮುಖ ನೋಡಿದಳು, ಅಪ್ಪಯ್ಯ ಅಜ್ಜಿ ಇದ್ದ ಕಡೆ ನೋಡಿದರು. ನಮ್ಮ ಮನೆಯಲ್ಲಿ ತೀರ್ಪು ಅಡುಗೆಮನೆಯ ಒಳಗಿಂದಲೇ ಬರಬೇಕು.

“ಹೆಣ್ಣ್ ಮಕ್ಕಳ್ ಚಡ್ಡಿ ಹಾಯ್ಕಂಡ್ ಮಣ್ಣಂಗೆ ಉರುಳೂದಾ? ಕಂಡ ಕಂಡವರ ಕಾಲ್ ಹಿಡೂದಾ? ನಾಳೆ ಇದನ್ನ ಯಾರ್ ಮದ್ವಿ ಆತ್ರ್?”

ಟೀಚರಿಗೆ ಕನ್ನಡ ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. ಆದರೂ ಹೋಗಲಿಲ್ಲ. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ಕೂತರು. ಅಮ್ಮ ಕಾಫಿ ಕೊಟ್ಟಳು. ಅಪ್ಪಯ್ಯ ನಿಧಾನಕ್ಕೆ ಕೆಮ್ಮಿದರು. ಅವರು ತಾಯಿಯ ಎದುರು ಕೆಮ್ಮಿದರೆ ಅದು ಅವರ ಮಟ್ಟಿಗೆ ದೊಡ್ಡ ಜಗಳ.

“ಅಮ್ಮ, ಹೋಟ್ಲಿನ ಒಲಿ ಎದ್ರಿಗೆ ನನ್ನ ಆಯುಷ್ಯ ಹೋಯ್ತ್. ಈ ಹೆಣ್ಣಿಗೆ ಫ್ಯಾನಿನಡಿಗೆ ಕೂಕಂಬು ಕೆಲ್ಸ ಸಿಕ್ಕಿರೆ ಸಿಕ್ಲಿ ಅಲ್ದಾ?”

ಅಜ್ಜಿ ಬಹಳ ಹೊತ್ತು ಗಂಧ ತೇದಳು. ಕೊನೆಗೆ ಷರತ್ತು ಹೊರಬಿತ್ತು. ಮೈ ತುಂಬ ಪೈಜಾಮ. ಮನೆಗೆ ಬಂದರೆ ಯಾರನ್ನೂ ಮುಟ್ಟದೆ ನೇರ ಬಾವಿಕಟ್ಟೆಗೆ, ಸ್ನಾನ ಆದ ಮೇಲೇ ಒಳಗೆ. ನವರಾತ್ರಿಯವರೆಗೆ ಅವಕಾಶ. ಅಷ್ಟರಲ್ಲಿ ಬ್ಯಾಂಕು ಕರೆಯದಿದ್ದರೆ ಮೈದಾನ ಮುಗಿಯಿತು, ಊರಿನಿಂದ ಬಂದಿರುವ ಜಾತಕಕ್ಕೆ ಉತ್ತರ ಬರೆಯುವುದು. ಅಕ್ಕ ಓಣಿಯ ಬಾಯಲ್ಲಿ ನಿಂತು ಎಲ್ಲಕ್ಕೂ ತಲೆಯಾಡಿಸಿದಳು. ಆ ಜಾತಕದವನು ಒಳ್ಳೆಯವನೇ ಇದ್ದಿರಬಹುದು, ನನಗೆ ಗೊತ್ತಿಲ್ಲ. ಆದರೆ ಅಕ್ಕ ಅಂದು ನನ್ನ ಕೈ ಹಿಡಿದುಕೊಂಡ ಬಿಗಿ ಇನ್ನೂ ನೆನಪಿದೆ. ಅವಳಿಗೆ ಬೇಕಾದದ್ದು ಏನೆಂದು ಬಾಯಲ್ಲಿ ಹೇಳುವ ಅಗತ್ಯವಿರಲಿಲ್ಲ.

ಟೀಚರ್ ಅವಳನ್ನು ಎಡತುದಿಯಲ್ಲಿ ನಿಲ್ಲಿಸಿದರು. ಎದುರು ತಂಡದವಳು ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳನುಗ್ಗಿ, ಮುಟ್ಟಿ, ತಿರುಗಿ ಗೆರೆ ಸೇರುವುದರೊಳಗೆ ಹಿಡಿದು ಹಾಕುವ ಜಾಗ ಅದು. ಓಡಿ ಮುಟ್ಟುವವರಿಗೆ ಚಪ್ಪಾಳೆ ಜಾಸ್ತಿ, ನಿಂತು ಹಿಡಿಯುವವರಿಗೆ ಗಾಯ ಜಾಸ್ತಿ. ತಿಂಗಳೊಳಗೆ ಆ ಮೈದಾನದ ಯಾವ ಹುಡುಗಿಗೂ ಅಕ್ಕನ ಕಡೆಯಿಂದ ದಾಟುವುದು ಕಷ್ಟವಾಯಿತು. ಟೀಚರ್ ಗೆರೆಯ ಆಚೆಯಿಂದ ‘ಪುಡಿ, ವಿಡಾದೆ!’ ಎಂದು ಕೂಗುತ್ತಿದ್ದರಂತೆ. ಹಿಡಿ, ಬಿಡಬೇಡ ಎಂದು ಅರ್ಥ. ಆಮೇಲೆ ಬ್ಯಾಂಕಿನ ತಂಡದ ಜೊತೆ ಮೊದಲ ಪಂದ್ಯ ಬಂತು. ಅಂದು ಸಂಜೆ ಅಕ್ಕ ತಲೆ ತಗ್ಗಿಸಿ ನೇರ ಬಾವಿಕಟ್ಟೆಗೆ ಹೋದಳು. ಕಥೆ ಹೇಳಿದವಳು ಸೆಲ್ವಿ. ನಮ್ಮ ಮನೆಯಲ್ಲಿ ಆಡಿ ಆಡಿ ಅವಳಿಗೆ ಅರ್ಧ ಕನ್ನಡ ಬರುತ್ತಿತ್ತು, ಅಂಗಳದ ನಡುವೆ ನಿಂತು ನಟಿಸಿ ತೋರಿಸಿದಳು.

“ಅವರ ಕ್ಯಾಪ್ಟನ್ ವಸಂತಕ್ಕ ಬಂದ್ರು ಆಂಟಿ. ನಮ್ಮ ಯಶೋದಾ ಏನು ಮಾಡಿದ್ಳು ಗೊತ್ತಾ? ಹಿಂಗೆ ಗೋಡೆಗೆ ಒತ್ತಿದ ಹಾಗೆ ಬದಿಗೆ ನಿಂತ್ಲು! ‘ವಾಂಗೋ, ಹೋಗಿ ಬನ್ನಿ’ ಅಂತ ದಾರಿ ಬಿಟ್ಲು! ಒಂದ್ಸಲ ಅಲ್ಲ, ನಾಲ್ಕು ಸಲ!”

ವಠಾರವೆಲ್ಲ ನಕ್ಕಿತು. ಅಕ್ಕ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಲೇ ಇದ್ದಳು, ಅಳುವುದು ಗೊತ್ತಾಗಬಾರದೆಂದು. ಆಮೇಲೆ ನನಗೊಬ್ಬಳಿಗೆ ಹೇಳಿದಳು.

“ಅವರದ್ದು ಕೆಂಪು ಅಂಗಿ ಚಂದ್ರಿ. ಆಗಷ್ಟೇ ತಲೆಗೆ ನೀರ್ ಹಾಯ್ಕಂಡ್ ಬಂದಿದ್ರ್. ದೊಡ್ಡವರು ಬೇರೆ. ನೇರ ನನ್ನ ಕಡೆಗೇ ನಡ್ಕಂಡ್ ಬಂದ್ರ್. ನನ್ನ ಕಾಲ್ ತಾನೇ ಹಿಂದೆ ಹೋಯ್ತ್.”

ಒದ್ದೆ ತಲೆಯ, ಕೆಂಪು ಬಟ್ಟೆಯ ಹಿರಿಯ ಹೆಂಗಸು ಎದುರಿಗೆ ಬಂದರೆ ಬದಿಗೆ ಸರಿಯಬೇಕು, ಮೈ ತಾಗಬಾರದು. ಹುಟ್ಟಿದಂದಿನಿಂದ ನಾವು ಕಲಿತ ಪಾಠ. ಚಿಕ್ಕವರನ್ನು ಹಿಡಿಯಲು ಕಲಿಸಿದ ಓಣಿಯೇ ದೊಡ್ಡವರಿಗೆ ದಾರಿ ಬಿಡಲೂ ಕಲಿಸಿತ್ತು. ಬೇರೆ ಯಾರ ಮನೆಯ ಹುಡುಗಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಅಜ್ಜಿಗೆ ಸುದ್ದಿ ತಿಳಿದಾಗ ಅವಳ ಮುಖದಲ್ಲಿ ನಗು.

“ಹೆಣ್ಣಿಗೆ ಮರ್ಯಾದಿ ಗೊತ್ತಿತ್ತ್. ಅಷ್ಟ್ ಸಾಕ್.”

ಟೀಚರ್ ಬ್ಯಾಂಕಿನವರ ಕೈಕಾಲು ಹಿಡಿದು ಇನ್ನೊಂದು ಪಂದ್ಯ ಕೇಳಿಕೊಂಡರು. ನವರಾತ್ರಿಗೆ ನಾಲ್ಕು ದಿನ ಇರುವಾಗ. ಅದೇ ಕೊನೆಯದು. ಅಕ್ಕ ನನ್ನನ್ನು ಅಭ್ಯಾಸಕ್ಕೆ ನಿಲ್ಲಿಸಿಕೊಂಡಳು. ಮಧ್ಯಾಹ್ನ ಅಜ್ಜಿ ಮಲಗಿದಾಗ ಅವಳ ಹಳೆಯ ಕೆಂಪು ಸೀರೆ ಸುತ್ತಿಕೊಂಡು, ತಲೆಗೆ ಒಂದು ಚೊಂಬು ನೀರು ಹೊಯ್ದುಕೊಂಡು, ಸೊಂಟಕ್ಕೆ ಖಾಲಿ ಬಿಂದಿಗೆ ಇಟ್ಟು, ನಾನು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಓಣಿಯಲ್ಲಿ ಬರಬೇಕು. ಹತ್ತು ವರ್ಷದ ಅಜ್ಜಿ! ಒಂದು ಸಲ ಅಕ್ಕ ನಗು ತಡೆಯಲಾಗದೆ ಕೂತುಬಿಟ್ಟಳು. ಮಿಕ್ಕ ಸಲವೆಲ್ಲ ನಿಜವಾಗಿಯೇ ಗೋಡೆಗೆ ಸರಿದಳು. ಸೀರೆಯೊಳಗೆ ಇರುವುದು ನಾನು ಎಂದು ಅವಳ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ.

“ಆತಿಲ್ಲೆ ಚಂದ್ರಿ. ಬರೆದ್ಬಿಡ್ಲಿ ಆ ಜಾತಕದ ಕಾಗದ” ಎಂದು ಒಂದು ದಿನ ಒರಳಿನ ಮುಂದೆ ಕೂತು ಹಿಟ್ಟು ರುಬ್ಬತೊಡಗಿದಳು. ಅಕ್ಕಿ ನುಣ್ಣಗಾಗಿ ಹರಿದ ಮೇಲೂ ನಿಲ್ಲಿಸಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಬಾವಿಕಟ್ಟೆಯ ಪಾಚಿಯನ್ನು ಶನಿವಾರ ತೆಂಗಿನ ನಾರು, ಬೂದಿ ಹಾಕಿ ತಿಕ್ಕುವುದು ನನ್ನ ಪಾಲಿನ ಕೆಲಸ. ಸೀರೆ ಸುತ್ತಿಕೊಳ್ಳುವ ಆಟದಲ್ಲಿ ಆ ಶನಿವಾರ ತಿಕ್ಕಲಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಎಂದಿನಂತೆ ಮೂರು ಹೆಜ್ಜೆ ಮುಂದೆ ಇದ್ದಳು. ಹಿಂದೆ ಅಜ್ಜಿಯ ಕಾಲು ಜಾರಿದ ಸದ್ದು. ಹಿತ್ತಾಳೆ ಕೊಡಪಾನ ಠಣ್ಣೆಂದು ಉರುಳಿತು. ಅಜ್ಜಿ ಒಗೆಯುವ ಕಲ್ಲಿನ ಅಂಚಿಗೇ ತಲೆ ಕೊಟ್ಟು ಬೀಳುತ್ತಿದ್ದಳು. ನಾನು ಬಾಗಿಲಿನಿಂದ ಓಡಿದೆ. ಅಷ್ಟರಲ್ಲಿ ಅಕ್ಕ ತಿರುಗಿ ಹಾರಿದ್ದಳು. ಎರಡೂ ಕೈ ಅಜ್ಜಿಯ ಸೊಂಟ ಸುತ್ತಿ, ತಾನು ಕೆಳಗಾಗಿ, ಅಜ್ಜಿಯನ್ನು ಎದೆಯ ಮೇಲೆ ಹಾಕಿಕೊಂಡು ನೆಲಕ್ಕೆ ಬಿದ್ದಳು. ಕಲ್ಲಿಗೆ ಬಡಿದದ್ದು ಅಕ್ಕನ ಮೊಣಕೈ. ಆಮೇಲೆ ಇಡೀ ಅಂಗಳ ಬೆಚ್ಚಿಬಿದ್ದಿತು. ಅಜ್ಜಿ ಬಿದ್ದದ್ದಕ್ಕಲ್ಲ, ಅಜ್ಜಿಯನ್ನು ಮಡಿಯಲ್ಲಿ ಮುಟ್ಟಿದ್ದಕ್ಕೆ. ಸೆಲ್ವಿಯ ತಾಯಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಅಕ್ಕ ಮಾತ್ರ ಕಣ್ಣು ಮುಚ್ಚಿ ಹಿಡಿದೇ ಇದ್ದಳು.

“ಬಿಡ್ ಹೆಣ್ಣೇ, ಉಸ್ರ್ ಕಟ್ತ್!”

ಅಕ್ಕ ಬಿಟ್ಟಳು, ಬಿಟ್ಟವಳೇ ಅತ್ತಳು. “ಅಜ್ಜಿ, ಮುಟ್ಟಿಬಿಟ್ಟೆ.”

“ಮುಟ್ಟಿದ್ದ್ ಹೌದ್. ಮುಟ್ಟದಿದ್ರೆ ನಿನ್ನಪ್ಪಯ್ಯ ನನ್ನ ಹನ್ನೆರಡನೇ ದಿನದ ಅಡಿಗಿಗೆ ತರಕಾರಿ ಹೆಚ್ಚುಕಿತ್ತ್.”

ಮೊದಲು ನಕ್ಕವಳು ಸೆಲ್ವಿಯ ತಾಯಿ. ಭಾಷೆ ಅರ್ಧ ತಿಳಿದಿರಬೇಕು. ಅಜ್ಜಿ ಎದ್ದು, ಸೊಂಟ ನೀವಿಕೊಂಡು, ಮತ್ತೆ ಸ್ನಾನ ಮಾಡಿದಳು. ಅಕ್ಕ ಮತ್ತೆ ಮೂರು ಹೆಜ್ಜೆ ಮುಂದೆ ನಡೆದಳು, ಮೊಣಕೈಯಿಂದ ರಕ್ತ ಸೋರುತ್ತಿತ್ತು. ಆ ದಿನ ಮಕ್ಕಳು ಯಾರೂ ಪಂಥಕ್ಕೆ ಬರಲಿಲ್ಲ. ಪೂಜೆ ಮುಗಿದು, ಊಟ ಮುಗಿದು, ಎಲೆ ಎತ್ತಿದ ಮೇಲೆ ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕೂತಳು. ಒಂದು ಬಟ್ಟಲಲ್ಲಿ ಅರಿಸಿನ, ಕೊಬ್ಬರಿ ಎಣ್ಣೆ. ಅಕ್ಕನ ಮೊಣಕೈ ಎಳೆದುಕೊಂಡು ಹಚ್ಚುತ್ತ ಕೇಳಿದಳು.

“ಆ ಬ್ಯಾಂಕಿನ ಹೆಂಗ್ಸ್ ನನ್ಗಿಂತ ದೊಡ್ಡವಳಾ?”

“ಇಲ್ಲೆ ಅಜ್ಜಿ.”

“ನನ್ಗಿಂತ ಮಡಿಯಾ?”

“ಇಲ್ಲೆ.”

“ಮತ್ತೆ ಅವಳಿಗ್ ಎಂತಕ್ಕೆ ದಾರಿ ಬಿಡೂದ್? ನನ್ನನ್ನೇ ಹಿಡದವಳ್ ನೀನ್.”

ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. “ಕಟ್ಟಿ ತಿಕ್ಕಿದ್ಯಾ ಚಂದ್ರಿ?” ಬೇರೇನೂ ಕೇಳಲಿಲ್ಲ. ನಾನು ನಾರು ಹುಡುಕಿಕೊಂಡು ಓಡಿದೆ. ಆ ಪಾಚಿಯನ್ನು ತಿಕ್ಕುವಾಗ ನನ್ನ ಕಣ್ಣೀರು ಬೂದಿಗೆ ಬೀಳುತ್ತಿತ್ತು. ಇಂದು ಬೆರಳು ಮಡಚುವಾಗ ಆ ಪಾಚಿಗೂ ಒಂದು ಬೆರಳು ಕೊಡುತ್ತೇನೆ. ಮಕ್ಕಳ ತಪ್ಪನ್ನೂ ದೇವರು ಕೆಲಸಕ್ಕೆ ಹಚ್ಚುತ್ತಾನೆ.

ಯಶೋದಕ್ಕ ಮುಂದೆ ಆ ಬ್ಯಾಂಕಿಗೆ ಆಡಿದಳು, ರಾಜ್ಯಕ್ಕೆ ಆಡಿದಳು, ದೇಶದ ಅಂಗಿ ತೊಟ್ಟಳು. ಅವಳ ಎಡತುದಿಯ ಕಡೆ ಹೋಗಬೇಡಿ ಎಂದು ಬೇರೆ ರಾಜ್ಯಗಳ ತರಬೇತುದಾರರು ತಮ್ಮ ಹುಡುಗಿಯರಿಗೆ ಹೇಳಿಕೊಡುತ್ತಿದ್ದರು. ಎರಡು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿವೆ. ಅವುಗಳಲ್ಲೇ ಬ್ಯಾಂಕಿನ ದೊಡ್ಡ ದೊಡ್ಡ ಪುಸ್ತಕ ಬರೆದಳು, ಈಗ ಎಣ್ಣೂರಿನ ಮೀನುಗಾರರ ಮಕ್ಕಳಿಗೆ ಮರಳಿನ ಮೇಲೆ ಹಿಡಿತ ಕಲಿಸುತ್ತಾಳೆ. ಪದಕಗಳು ನಮ್ಮ ದೇವರ ಕೋಣೆಯ ಮೊಳೆಗೆ ತೂಗುತ್ತಿದ್ದವು, ಮಂಗಳಾರತಿಯ ಮಸಿ ಹಿಡಿದು ಯಾವುದು ಚಿನ್ನ ಯಾವುದು ಬೆಳ್ಳಿ ತಿಳಿಯದ ಹಾಗೆ. ನಾನು ಆಡಿದವಳಲ್ಲ, ಅಡುಗೆ ಮಾಡಿ ಮಕ್ಕಳನ್ನು ಬೆಳೆಸಿದವಳು. ಆದರೆ ನುಸುಳಿ ಓಡುವ ನನ್ನ ಸ್ವಭಾವ ಬಿಟ್ಟದ್ದು ಆ ಅಂಗಳದಲ್ಲಿ. ಯಜಮಾನರು ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದ್ದಾಗ ಮಂಡಿ ಬಗ್ಗಿಸಿ ನಿಂತೆ, ಹಿಡಿದದ್ದನ್ನು ಬಿಡಲಿಲ್ಲ. ಅವರು ನಡೆದುಕೊಂಡೇ ಮನೆಗೆ ಬಂದರು.

ಆ ಎರಡನೆಯ ಪಂದ್ಯಕ್ಕೆ ನನ್ನ ಮತ್ತು ಅಮ್ಮನ ಜೊತೆ ಅಜ್ಜಿಯೂ ಬಂದಳು. ಮೂವತ್ತು ವರ್ಷ ಆ ಊರಿನಲ್ಲಿದ್ದು ದೇವಸ್ಥಾನ, ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗದವಳು ಆಟೋದಲ್ಲಿ ಕೂತು, ಸ್ವಂತ ತಂಬಿಗೆ, ಸ್ವಂತ ಮಣೆ ಹಿಡಿದು ನುಂಗಂಬಾಕ್ಕಂನ ಮೈದಾನಕ್ಕೆ ಬಂದು ಮರದ ಕೆಳಗೆ ಕೂತಳು. ಅಪ್ಪಯ್ಯ ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ಮೈಯಲ್ಲಿ ಒಗ್ಗರಣೆಯ ವಾಸನೆ ಹೊತ್ತು ಓಡಿಬಂದರು. ಆಟ ಕೊನೆಗೆ ಸಮಸಮ ಆಯಿತು. ಕೊನೆಯ ಸಲ ಉಸಿರು ಕಟ್ಟಿ ಬರುವ ಸರದಿ ವಸಂತಕ್ಕನದು. ಕೆಂಪು ಅಂಗಿ, ಒದ್ದೆ ತಲೆ, ಅಗಲ ಹೆಜ್ಜೆ. ನೇರ ಅಕ್ಕನ ಕಡೆಗೇ ಬಂದರು. ಹೋದ ಸಲ ಬಾಗಿಲು ಅಲ್ಲಿ ತೆರೆದಿತ್ತಲ್ಲ. ಅಕ್ಕನ ಬಲಗಾಲು ಅರ್ಧ ಗೇಣು ಹಿಂದೆ ಸರಿದದ್ದು ನನಗೆ ಕಂಡಿತು. ಅಮ್ಮ ನನ್ನ ಭುಜ ಹಿಂಡಿದಳು. ಆ ಕಾಲು ಅಲ್ಲೇ ನಿಂತಿತು. ವಸಂತಕ್ಕ ಅಕ್ಕನ ಹೆಗಲು ಮುಟ್ಟಿ ತಿರುಗಿದ್ದೇ ತಡ, ಅಕ್ಕ ಕುಕ್ಕರಿಸಿ ಕಾಲು ಹಿಡಿದಳು, ಕಾಲಿನಿಂದ ಸೊಂಟಕ್ಕೆ ಏರಿದಳು. ಗೆರೆ ಒಂದು ಮೊಳ ದೂರ. ವಸಂತಕ್ಕ ಅವಳನ್ನು ಎಳೆದುಕೊಂಡೇ ತೆವಳಿದರು, ಕೈ ಚಾಚಿದರು. ಆಗ ಮರದ ಕೆಳಗಿನಿಂದ ಒಂದು ಕೂಗು ಬಂತು. ಮಣೆ ಪಕ್ಕಕ್ಕೆ ಬಿದ್ದಿತ್ತು, ಅಜ್ಜಿ ಎದ್ದು ನಿಂತಿದ್ದಳು.

“ಬಿಡ್ಬೇಡ ಹೆಣ್ಣೇ! ಬಿಡ್ಬೇಡ!”

ಉಸಿರು ಮುಗಿಯಿತು. ಸೀಟಿ ಕೂಗಿತು, ನಮ್ಮವರು ಗೆದ್ದರು. ವಸಂತಕ್ಕ ಮಣ್ಣು ಕೊಡವಿಕೊಂಡು ಎದ್ದು, ಅಕ್ಕನನ್ನೂ ಕೈ ಹಿಡಿದು ಎಬ್ಬಿಸಿದರು.

“ಯಾರಮ್ಮಾ ನೀ, ಇರುಂಬಾ?” ಕಬ್ಬಿಣವೇ ನೀನು ಎಂದು ಬೆನ್ನು ತಟ್ಟಿದವರು, ನೇರ ತಮ್ಮ ಮ್ಯಾನೇಜರ ಕಡೆ ನಡೆದರು. ಪುಷ್ಪಾ ಟೀಚರ್ ನಿಂತಲ್ಲೇ ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಮ್ಯಾನೇಜರು ಬಂದು ಅಪ್ಪಯ್ಯನ ಕೈ ಕುಲುಕಿ, ಸೋಮವಾರ ಹುಡುಗಿಯನ್ನು ಆಫೀಸಿಗೆ ಕಳಿಸಿ ಎಂದರು. ಅಪ್ಪಯ್ಯ ಆಗಲೂ ಕೆಮ್ಮಿದರಷ್ಟೇ.

ವಠಾರದ ಬಾಗಿಲಿಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಸೆಲ್ವಿ ಮೊದಲೇ ಓಡಿ ಸುದ್ದಿ ಮುಟ್ಟಿಸಿದ್ದಳು, ಹನ್ನೊಂದು ಮಕ್ಕಳೂ ದೊಡ್ಡವರೂ ದಾರಿ ತುಂಬ ನಿಂತಿದ್ದರು. ಅಕ್ಕ ಷರತ್ತು ಮರೆಯಲಿಲ್ಲ, ಮೈಕೈ ಕುಗ್ಗಿಸಿಕೊಂಡು ಬಾವಿಕಟ್ಟೆಯ ಕಡೆ ತಿರುಗಿದಳು.

“ಅತ್ಲಾಗೆಲ್ಲಿಗೆ? ಇತ್ಲಾಗ್ ಬಾ” ಎಂದಳು ಅಜ್ಜಿ.

ಹಾಗೆಂದು ಅಜ್ಜಿ ಮುಂದೆ ಬಂದಳು. ಅಕ್ಕನಿಗಿಂತ ಸರಿಯಾಗಿ ಮೂರು ಹೆಜ್ಜೆ ಮುಂದೆ. ಬಡಕಲು ಕೈ ಎರಡೂ ಚಾಚಿದಳು. “ಬದಿಗ್ ನಿಲ್ಲಿ, ಬದಿಗ್ ನಿಲ್ಲಿ! ನಮ್ಮ ಹೆಣ್ಣ್ ಬತ್ತಿತ್ತ್!” ಅಡ್ಡ ನಿಂತವರನ್ನೆಲ್ಲ ಹೆಗಲು ಹಿಡಿದು ತಾನೇ ಪಕ್ಕಕ್ಕೆ ಸರಿಸಿದಳು. ಸೆಲ್ವಿಯನ್ನು, ಸೆಲ್ವಿಯ ತಾಯಿಯನ್ನು, ಯಾರನ್ನೂ ಬಿಡಲಿಲ್ಲ. ಹಾಗೆಯೇ ಅಂಗಳ ದಾಟಿ, ಓಣಿ ದಾಟಿ, ಮೈಯೆಲ್ಲ ಮಣ್ಣಾಗಿದ್ದ ಅಕ್ಕನನ್ನು ಅಡುಗೆಮನೆಯ ಒಳಗೆ ಕರೆದೊಯ್ದು ತನ್ನ ಮಣೆಯ ಮೇಲೆ ಕೂರಿಸಿದಳು. ಬಾಗಿಲಿನಿಂದ ಮಣೆಯವರೆಗೆ ಮೈದಾನದ ಕೆಂಪು ಮಣ್ಣಿನ ಹೆಜ್ಜೆಗಳು. ಅಮ್ಮ ಗಾಬರಿಯಾಗಿ ಪೊರಕೆ ಎತ್ತಿಕೊಂಡಳು.

“ಗುಡಿಸ್ಬೇಡ. ದೀಪ ಹಚ್ಚಿದ ಮೇಲೆ ಕಸ ಗುಡ್ಸೂಕಾಗ, ಲಕ್ಷ್ಮಿ ಹೊರಗ್ ಹೋತ್ಲ್.”

“ದೀಪ ಇನ್ನೂ ಹಚ್ಚಲಿಲ್ಲೆ ಅತ್ತೆ!”

ಅಜ್ಜಿ ಅಕ್ಕನ ಎಲೆಗೆ ತುಪ್ಪ ಬಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಹಾಂಗಾರೆ ಬೇಗ ಹಚ್ಚ್.”